ಚಲುವರಾಜು ಮಾತು ಯಾರು ಕೇಳ್ತಾರೆ?

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮಳವಳ್ಳಿಯ ಕುರಿ ಸಾಕಣೆದಾರರ ಸಂಘದ ಕಚೇರಿಯಲ್ಲಿ ಚಲುವರಾಜು ಕಂಪ್ಯೂಟರ್ ಮುಂದೆ ಕೂತಿದ್ದಾರೆ. ತಲೆಗೆ ಸುತ್ತಿದ ಮಫ್ಲರ್ ಬಿಚ್ಚಿಲ್ಲ. ಇಮೇಲ್ ತೆರೆಯಲು ಹೋದರೆ ಪರದೆಯ ಮೇಲೆ ಮತ್ತದೇ ತಕರಾರು: ಈ ಪ್ರೋಗ್ರಾಂ ಆಗಲೇ ಓಡುತ್ತಿದೆ, ಮೊದಲು ಅದನ್ನು ಮುಚ್ಚಿ. ಎಲ್ಲಿ ಓಡುತ್ತಿದೆಯೋ, ಹುಡುಕಿದರೆ ಸಿಗುವುದಿಲ್ಲ.

"ನೆನ್ನೆ ತಾನೇ ಸರಿ ಮಾಡ್‌ಬುಟ್ಟು ಓಗಿವ್ನಿ ಕಣಮ್ಮ. ಇದಕ್ಕೇನ್ ದೊಡ್‌ರೋಗ ಬಂದದೋ ಕಾಣೆ," ಎಂದು, ಅವರ ಕೆಲಸ ನೋಡಲು ಜೊತೆಗೆ ಬಂದಿರುವ ನನ್ನತ್ತ ತಿರುಗಿ ಗೊಣಗುತ್ತಾರೆ.

ಚಲುವರಾಜು ಮದ್ದೂರಿನವರು. ರೇಡಿಯೊ ರಿಪೇರಿ ಅಂಗಡಿ ಮುಚ್ಚಿದ ಮೇಲೆ ಕಂಪ್ಯೂಟರ್ ಕಲಿತರು. ಈಗ ಮಂಡ್ಯ, ಮದ್ದೂರು, ಮಳವಳ್ಳಿಯ ಸಣ್ಣಪುಟ್ಟ ಕಚೇರಿಗಳಿಗೆಲ್ಲ ಇವರ ಸ್ಕೂಟರೇ ಗತಿ. ಎಲ್ಲ ನೆಟ್ಟಗಿದ್ದಾಗ ಇವರ ನೆನಪು ಯಾರಿಗೂ ಇಲ್ಲ. ಕೆಟ್ಟಾಗ ಮಾತ್ರ ಕಾಫಿಗೂ ಮುಂಚೆ ಫೋನು. ಎಲ್ಲರಿಗೂ ಬುದ್ಧಿ ಹೇಳಿ ಹೇಳಿ ಅವರಿಗೆ ಸಾಕಾಗಿದೆ. "ನೀರಿನ ಬಾಟ್ಲಿ ದೂರ ಮಡಗಿ ಅಂದ್ರೆ ಕೀಬೋರ್ಡ್ ಮೇಲೇ ಮಡಗ್ತಾರೆ. ನನ್ ಮಾತ ಯಾರ್ ಕೇಳ್ತಾರೆ?"

ಈ ಸಂಘಕ್ಕೆ ಟಗರು ಬೇಕೆನ್ನುವವರ ಪತ್ರಗಳೆಲ್ಲ ಬರುವುದು ಮೇಲ್‌ನಲ್ಲೇ. ಇನ್ನೊಂದು ದಿನ ಇದು ಕೈಕೊಟ್ಟರೆ ಮೈಸೂರಿನ ಕಂಪನಿಯವರನ್ನು ಗೊತ್ತುಮಾಡುತ್ತೇನೆ ಎಂದು ಕಾರ್ಯದರ್ಶಿ ಶಶಿಧರ್ ಮುಖಕ್ಕೇ ಹೇಳಿಬಿಟ್ಟಿದ್ದಾರೆ. ಚಲುವರಾಜುಗೆ ತಿಂಗಳು ತಿಂಗಳೂ ತಪ್ಪದ ಕೆಲಸವೆಂದರೆ ಇದೊಂದೇ. ವೈರಸ್ ಹುಡುಕಿದ್ದಾಯಿತು, ಪ್ರೋಗ್ರಾಂ ತೆಗೆದು ಮತ್ತೆ ಹಾಕಿದ್ದಾಯಿತು, ಕೇಬಲ್ಲಿಗೂ ಬೈದದ್ದಾಯಿತು.

ಅವರು ನನಗೆ ಬಿಡಿಸಿ ಹೇಳುತ್ತಾರೆ. ಪರದೆಯ ಮೇಲಿನ ಕಿಟಕಿ ಮುಚ್ಚಿದರೂ ಮೇಲ್ ಒಳಗೊಳಗೇ ಪತ್ರ ಜೋಡಿಸುತ್ತಿರುತ್ತದೆ, ಒಳಗಿನಿಂದ ಚಿಲಕ ಹಾಕಿಕೊಂಡ ಮನೆಯವರ ಹಾಗೆ. ಕೆಲಸ ಮುಗಿದ ಮೇಲೆ ತಾನೇ ಚಿಲಕ ತೆಗೆಯುತ್ತದೆ. ನಡುವೆ ಕರೆಂಟು ಹೋದರೆ ಚಿಲಕ ಹಾಗೇ ಉಳಿದು, ಮಾರನೇ ದಿನ ಒಳಗೆ ಇನ್ನೂ ಓಡುತ್ತಿದ್ದೇನೆ ಅನ್ನುತ್ತದೆ. ಮೊದಲು ಬೇಗ ಮುಗಿಯುತ್ತಿತ್ತು. ಈಗ ಟಗರುಗಳ ಫೋಟೊ ರಾಶಿ ಬಿದ್ದು ಹೊತ್ತು ಹಿಡಿಯುತ್ತದೆ. ಆದರೆ ಕರೆಂಟು ಹೋದರೆ ಹಿಡಿದುಕೊಳ್ಳಲು ಯುಪಿಎಸ್ ಇದೆಯಲ್ಲ? ಅದೇ ತಲೆ ತಿನ್ನುವ ವಿಷಯ. ಇವತ್ತು ಕಚೇರಿ ಮುಚ್ಚುವವರೆಗೂ ಕದಲುವುದಿಲ್ಲ ಎಂದು ಹಟ ಹಿಡಿದು ಕೂರುತ್ತಾರೆ.

ಸಂಜೆ ಶಶಿಧರ್ ಮೇಲ್ ಮುಚ್ಚಿ, ಕಂಪ್ಯೂಟರಿಗೆ ಶಟ್‌ಡೌನ್ ಒತ್ತಿ, ಅದು ಆರುವ ಮುಂಚೆಯೇ ಹೊರಡುತ್ತಾರೆ. ಕಸ ಗುಡಿಸುವ ಮಲ್ಲಿಗಮ್ಮನಿಗೆ ಮನೆಯಲ್ಲಿ ದೀಪ ಹಚ್ಚುವ ಹೊತ್ತಾಗಿದೆ. ಪೊರಕೆ ಮೂಲೆಗಿಟ್ಟು ಸೀದಾ ಮೇನ್ ಸ್ವಿಚ್ ಆಫ್ ಮಾಡುತ್ತಾರೆ. ಯುಪಿಎಸ್ ಕುಯ್ಯೋ ಅನ್ನುತ್ತದೆ. ಅದರ ಗುಂಡಿಯನ್ನೂ ಅದುಮಿ ಬಾಯಿ ಮುಚ್ಚಿಸುತ್ತಾರೆ.

ಚಲುವರಾಜು ತಲೆ ಹಿಡಿದುಕೊಳ್ಳುತ್ತಾರೆ. "ಇಂಗ್ ಮಾಡು ಅಂತ ಯಾರವ್ವಾ ನಿಂಗೆ ಕಲ್ಸಿದ್ದು?"

"ನೀನೇ ಕಣಪ್ಪ. ಓದ್ ವರ್ಸ ಸಿಡ್ಲು ಒಡೆದಾಗ, ಮೇನ್ ಆಫ್ ಮಾಡ್ದೆ ಬಾಗ್ಲು ಆಕ್ಬೇಡ ಅಂದಿದ್ದೆ. ಅವತ್ತಿಂದ ಒಂದಿನಾನೂ ತಪ್ಸಿಲ್ಲ."

ಚಲುವರಾಜು ಎದ್ದು ಮೇನ್ ಮತ್ತೆ ಆನ್ ಮಾಡುತ್ತಾರೆ. ಆಮೇಲೆ ಕಂಪ್ಯೂಟರಿನ ದೀಪ ತೋರಿಸಿ, ಇದು ತಾನಾಗಿ ಆರುವವರೆಗೂ ಮೇನ್ ಮುಟ್ಟಬೇಡ ಎಂದು ಹೇಳಿಕೊಡುತ್ತಾರೆ. ಶಶಿಧರ್‌ಗೆ ಫೋನು ಮಾಡಿ, ತಪ್ಪು ನನ್ನದು, ಆಯಮ್ಮನದಲ್ಲ ಎನ್ನುತ್ತಾರೆ.

ಎರಡು ದಿನ ಬಿಟ್ಟು ನಾನು ಹೋದಾಗ ಮೇಲ್ ತಕರಾರಿಲ್ಲದೆ ತೆರೆದುಕೊಳ್ಳುತ್ತಿದೆ. ಮೈಸೂರಿನವರ ಮಾತು ಯಾರೂ ಎತ್ತುತ್ತಿಲ್ಲ. ಚಲುವರಾಜು ಸ್ಕೂಟರ್ ಹತ್ತುತ್ತಾ ಹೇಳುತ್ತಾರೆ:

"ಮೂರು ತಾಲ್ಲೂಕಲ್ಲೂ ನನ್ ಮಾತ ಕೇಳೋರಿಲ್ಲ ಅಂತ ಬೈಕೊಂಡ್ ತಿರುಗ್ತಿದ್ದೆ. ಒಬ್ರು ಅವ್ರೆ ಕಣಮ್ಮ. ಇನ್ಮೇಲೆ ವಸಿ ನೋಡ್ಕೊಂಡ್ ಮಾತಾಡ್ಬೇಕು."