ಅಂಗೈಯೊಳಗಿನ ಸಾರು

ನನಗೊಂದು ಹುಚ್ಚಿದೆ, ನಗಬೇಡಿ. ಹೋಟೆಲಿನ ಅಡುಗೆಮನೆಯಲ್ಲಿ ಹುಟ್ಟುವ ಪ್ರೇಮದ ಕಾದಂಬರಿ ಎಲ್ಲಿ ಕಂಡರೂ ಕೊಂಡುಬಿಡುತ್ತೇನೆ. ಇವತ್ತಿನದರಲ್ಲಿ ನಾಯಕಿ ಚಮಚ ಚಾಚಿದ್ದಾಳೆ, ನಾಯಕ ರುಚಿ ನೋಡಿ ಕಣ್ಣು ಮುಚ್ಚಿದ್ದಾನೆ, ಎರಡು ಪುಟವಾದರೂ ತೆರೆದಿಲ್ಲ ಪುಣ್ಯಾತ್ಮ. ಅಷ್ಟರಲ್ಲಿ ಒಳಗೆ ನನ್ನ ಗಂಡ ಸಾರಿಗೆ ಹಾಕಿದ ಒಗ್ಗರಣೆಯ ವಾಸನೆ ಮೂಗಿಗೆ ಬಡಿಯಿತು ನೋಡಿ, ನಾನು ಸೀದಾ ಧಾರವಾಡದ ಗಂಗಕ್ಕನ ಖಾನಾವಳಿಗೆ ಹೋಗಿ ನಿಂತೆ.

ಕಾಲೇಜಿನ ದಿನಗಳಲ್ಲಿ ಅದರ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಗಂಗಕ್ಕ ರೊಟ್ಟಿ ಬಡಿಯುವಾಗ ಬಾಗಿಲಲ್ಲಿ ಕೂತು ಇಂಥವೇ ಕಾದಂಬರಿ ಓದಿ ಹೇಳುತ್ತಿದ್ದೆ. ಚಮಚದ ಪ್ರಸಂಗ ಬಂದರೆ ಅವರಿಗೆ ತಡೆಯುತ್ತಿರಲಿಲ್ಲ.

"ಅಯ್ಯ ಯವ್ವಾ, ಎಂಜಲಾತಲ್ಲ! ಉಪ್ಪು ಸಾಕೋ ಬೇಕೋ ಹೇಳೂದು ಬಿಟ್ಟು ಕಣ್ಣು ಮುಚ್ಚಿ ನಿಂತಾನಲ್ಲ, ಮಂದಿ ಉಣ್ಣೂದು ಯಾವಾಗ?"

ಮಂದಿಗೆ ಬಡಿಸುವ ಮೊದಲು ತಾನು ರುಚಿ ನೋಡಬಾರದೆಂಬುದು ಗಂಗಕ್ಕನ ನೇಮ. ಆ ಕೆಲಸ ಅವರ ಗಂಡ ಬಸಪ್ಪ ಕಾಕಾರದು. ಅಂಗೈಗೆ ತುಸು ಸಾರು ಹಾಕಿಸಿಕೊಂಡು ಚಪ್ಪರಿಸಿ, "ಛಲೋ ಆಗೇತಿ, ಬಡಸು" ಎಂದ ಮೇಲೆಯೇ ತಾಟು ಹಾಕುವುದು.

ಒಮ್ಮೆ ಕಾಕಾ ಜ್ವರದಲ್ಲಿ ಮಲಗಿ ಎದ್ದರು. ಎದ್ದ ದಿನವೂ "ಛಲೋ ಆಗೇತಿ" ಎಂದರು. ಸಾರು ಉಪ್ಪೋ ಉಪ್ಪು! ಉಂಡವರು ಮುಖ ಕಿವುಚಿಕೊಂಡು ಎದ್ದರು.

ಮರುದಿನ ಗಂಗಕ್ಕ ನನ್ನನ್ನು ಹಿತ್ತಲಿಗೆ ಕರೆದು ನನ್ನ ಅಂಗೈಗೆ ಸಾರು ಹಾಕಿದರು. "ನೋಡವಾ, ಉಪ್ಪು ಸರಿ ಐತೇನು? ಅವರಿಗೆ ನಾಲಗಿ ರುಚಿ ಹೋಗೇತಿ. ನನಗ ತಿಳದೇತಿ ಅಂತ ಗೊತ್ತಾದ್ರ ಮನಶ್ಯಾ ಒಲಿ ಕಡೆ ಹಾಯೂದಿಲ್ಲ."

ಸರಿಯಿದೆ ಎಂದೆ. ಅವರು ಒಳಗೆ ಹೋಗಿ, ಏನೂ ಆಗದವರಂತೆ ಕೂಗಿದರು: "ಏನ್ರಿ, ಒಂಚೂರು ರುಚಿ ನೋಡ್ರಿ."

ದಿನವೂ ಹೀಗೇ ನಡೆಯಿತು. ಒಂದು ದಿನ ಮೆಟ್ಟಿಲ ಬಳಿ ಕಾಕಾ ನನ್ನನ್ನು ತಡೆದು ನಿಲ್ಲಿಸಿದರು.

"ತಂಗಿ, ಸಾರು ನೀ ನೋಡೀದಿ ಹೌದಲ್ಲ?"

ನಾನು ಸಿಕ್ಕಿಬಿದ್ದವಳಂತೆ ತಲೆಯಾಡಿಸಿದೆ.

"ನೋಡಿದ್ರ ಆತು ಬಿಡು, ಧೈರ್ಯಲೆ ಛಲೋ ಅಂತೇನಿ. ಆಕೀಗೆ ಹೇಳಬ್ಯಾಡ. ನನಗ ಎಲ್ಲಾ ಗೊತ್ತೈತಿ ಅಂತ ತಿಳದ್ರ, ಆಕಿ ನನ್ನ ಕರಿಯೂದು ಬಿಡ್ತಾಳ."

ಅಬ್ಬಾ! ಗಂಗಕ್ಕ ಕರೆಯುವುದು ಕಾಕಾರಿಗಾಗಿ, ಕಾಕಾ ಅಂಗೈ ಚಾಚುವುದು ಗಂಗಕ್ಕ ಕರೆಯಲೆಂದು. ರುಚಿಯೇ ಹತ್ತದ ಆ ಸಾರನ್ನು ಕಾಕಾ ಚಪ್ಪರಿಸುವುದನ್ನು ನಾನು ಬಾಯಿಮುಚ್ಚಿಕೊಂಡು ನೋಡುತ್ತಿದ್ದೆ. ಅಂದಿನಿಂದ ಎಷ್ಟು ಕಾದಂಬರಿ ಓದಿದ್ದೇನೋ, ಅಂಥ ಜೋಡಿ ಸಿಕ್ಕಿಲ್ಲ.

"ಏ, ಸಾರು ಹೆಂಗಾಗೇತಿ ನೋಡು ಬಾ" ಎಂದು ಒಳಗಿನಿಂದ ಗಂಡ ಕೂಗಿದರು. ದಿನವೂ ಪುಸ್ತಕದಿಂದ ತಲೆಯೆತ್ತದೆ "ನೀವ ನೋಡ್ಕೋರಿ" ಎನ್ನುವವಳು ನಾನು. ಇವತ್ತು ನಾಯಕನನ್ನು ಕಣ್ಣು ಮುಚ್ಚಿದಲ್ಲೇ ಬಿಟ್ಟು ಎದ್ದು ಹೋದೆ. ಅವರು ಚಮಚ ಹಿಡಿದು ನಿಂತಿದ್ದರು. ನಾನು ಅಂಗೈ ಚಾಚಿದೆ.