ಅಂಚಿನಲ್ಲಿದ್ದ ಮುಖ

ನನ್ನ ನಿವೃತ್ತಿಗೆ ಒಂದು ವರ್ಷ ಬಾಕಿಯಿತ್ತು. ಧಾರವಾಡದ ಸಣ್ಣ ವಸ್ತುಸಂಗ್ರಹಾಲಯವೊಂದರಲ್ಲಿ ವಿಡಿಯೋ ಕಲಾಕೃತಿಗಳನ್ನು ದಾಖಲಿಸಿ ಕಾಪಾಡುವುದು ನನ್ನ ಕೆಲಸ. ಹಳೆಯ ಟೇಪೊಂದನ್ನು ನವಲಗುಂದದಲ್ಲಿ ಮತ್ತೆ ಪ್ರದರ್ಶಿಸುವುದೆಂದು ತೀರ್ಮಾನವಾಯಿತು. ಜಮಖಾನೆ ನೇಯುವ ಎರಡು ಕೈ, ಕೃತಿಯೆಂದರೆ ಅಷ್ಟೇ. ಕಲಾವಿದೆ ತೀರಿಹೋಗಿದ್ದರು. ಹಾಗಾಗಿ ಅದರಲ್ಲಿ ನೇಯ್ದಿದ್ದ ಜೈತುನಬಿಯವರ ಒಪ್ಪಿಗೆ ಕೇಳಲು ನವಲಗುಂದದ ಅವರ ಮನೆಗೇ ಹೋದೆ.

ಟೇಪಿನ ಡಿಜಿಟಲ್ ಪ್ರತಿಯನ್ನು ಲ್ಯಾಪ್‌ಟಾಪಿನಲ್ಲಿ ಹಚ್ಚಿ ತೋರಿಸಿದೆ. ಎಳೆ ಎಳೆಯೂ ಸ್ಪಷ್ಟ, ನನಗೋ ಹೆಮ್ಮೆ. ಅವರು ಸೆರಗನ್ನು ಬಾಯಿಗೆ ಹಿಡಿದರು.

"ಬಾಜೂಕ ನನ್ನ ಮಾರಿ ಕಾಣತೈತಲ್ರಿ."

ಬಲ ಅಂಚಿನಲ್ಲಿ ನಿಜಕ್ಕೂ ಅರ್ಧ ಮುಖವಿತ್ತು.

"ಕೈ ಅಷ್ಟ ತೋರಸ್ತೀನಿ ಅಂತ ಟೇಪ ಮಾಡಿದ ಬಾಯಾರು ಮಾತ ಕೊಟ್ಟಿದ್ರು. ಟಿವಿಯಾಗ ಹಚ್ಚಿ ತೋರಿಸಿದ್ರು, ಮಾರಿ ಇರಲಿಲ್ಲ. ಆಮ್ಯಾಲೆ ಹೂಂ ಅಂದೆ."

ಕಲಾವಿದೆ ಮಾತು ತಪ್ಪಿರಲಿಲ್ಲ. ಹಳೆಯ ಪಿಕ್ಚರ್ ಟ್ಯೂಬ್ ಟಿವಿಗಳು ಚಿತ್ರದ ನಾಲ್ಕೂ ಅಂಚನ್ನು ಚೌಕಟ್ಟಿನೊಳಗೆ ನುಂಗಿಬಿಡುತ್ತವೆ. ನಮ್ಮಲ್ಲಿ ಇದಕ್ಕೆ ಓವರ್‌ಸ್ಕ್ಯಾನ್ ಎನ್ನುತ್ತಾರೆ. ಹೊಸ ಪರದೆಗಳು ಏನನ್ನೂ ನುಂಗುವುದಿಲ್ಲ.

ವಿಷಯ ಕೇಳಿದ ನಮ್ಮ ಸಂಗ್ರಹಾಲಯದ ನಿರ್ದೇಶಕರು ನಕ್ಕರು. "ಮಾರಿ ಇದ್ರ ಇನ್ನೂ ಛಲೋ ಆತಲ್ರಿ, ಮಂದಿ ನಿಂತು ನೋಡ್ತಾರ."

"ಹಂಗಾದ್ರ ಪ್ರದರ್ಶನನ ಬ್ಯಾಡ್ರಿ ಸರ್" ಎಂದೆ. ನನಗೆ ವಿಪರೀತ ಸಿಟ್ಟು ಬಂದಿತ್ತು. ನನ್ನ ಸಹಿ ಇಲ್ಲದೆ ಕೃತಿ ಉಗ್ರಾಣದಿಂದ ಹೊರಗೆ ಹೋಗುವಂತಿರಲಿಲ್ಲ, ನಾನು ಸಹಿ ಹಾಕಲಿಲ್ಲ. ಕೊನೆಗೆ ಅವರೇ ಸೋತರು.

ಹಳೆಯ ಟಿವಿಯೊಂದಕ್ಕಾಗಿ ಊರೂರು ಅಲೆದೆ. ಅಣ್ಣಿಗೇರಿಯ ರಿಪೇರಿ ಅಂಗಡಿಯೊಂದರ ಅಟ್ಟದಲ್ಲಿ ಟ್ಯೂಬ್ ಟಿವಿ ಸಿಕ್ಕಿತು. ಹತ್ತಿಕೊಳ್ಳುವ ಮುನ್ನ ಸಾಕಷ್ಟು ಸತಾಯಿಸಿತು. ಅದನ್ನು ಮೊದಲು ಜೈತುನಬಿಯವರ ಮುಂದೆಯೇ ಹಚ್ಚಿದೆ. ಮುಖ ಚೌಕಟ್ಟಿನಾಚೆ ಉಳಿಯಿತು. ಅವರು ಟೇಪು ಮುಗಿಯುವ ತನಕ ಕಣ್ಣು ಕೀಳದೆ ನೋಡಿ, "ಈಗ ಹಚ್ರಿ" ಎಂದರು.

ಕೃತಿಯ ದಾಖಲೆಯಲ್ಲಿ ಟೇಪಿನ ಜಾತಿ, ಅವಧಿಗಳ ಜೊತೆಗೆ ಇದನ್ನೂ ಸೇರಿಸಿದೆ: ಟ್ಯೂಬ್ ಟಿವಿಯಲ್ಲೇ ತೋರಿಸಬೇಕು, ಅದು ಸಿಗದ ಕಾಲಕ್ಕೆ ಅಂಚು ಕತ್ತರಿಸಿ ತೋರಿಸಬೇಕು. ಕೃತಿಯಲ್ಲಿ ಕಾಣಬಾರದ್ದನ್ನು ಕಾಯುವುದೂ ನನ್ನ ಕೆಲಸವೆಂದು ನಾನು ಕಲಿತದ್ದು ಅಷ್ಟು ತಡವಾಗಿ.

ಉದ್ಘಾಟನೆಯ ದಿನ ಜೈತುನಬಿ ಬಂದು ಎಲ್ಲರ ನಡುವೆ ಜಮಖಾನೆಯ ಮೇಲೆ ಕುಳಿತರು. ಮಿಶ್ರಿಕೋಟಿಯಿಂದ ಬಂದಿದ್ದ ಹೆಂಗಸೊಬ್ಬರು ಅವರತ್ತ ಬಾಗಿ ಕೇಳಿದರು, "ಅಗದಿ ಛಂದ ನೇಯ್ತಾರ. ಯಾರ ಕೈರಿ ಇವು?"

"ಯಾರೋ ನಮ್ಮೂರಾಕಿ ಇರಬೇಕ್ರಿ" ಎನ್ನುತ್ತ ಜೈತುನಬಿ ತಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು.