ಹೊತ್ತು ಮುಳುಗುವುದರೊಳಗೆ

ಪಾಯಪ್ಪ ಕಾಕಾ ಸೂರ್ಯನನ್ನು ನೋಡುತ್ತಿದ್ದುದು ಊರಿನ ಕೊನೆಯ ಬಸ್ಸನ್ನು ನೋಡುವವರ ಹಾಗೆ. ಸಂಜೆ ಐದಾದರೆ ಸಾಕು, ಎಂಥ ಮಾತಿನ ನಡುವೆಯೂ ಕತ್ತು ಪಡುವಣಕ್ಕೆ ತಿರುಗುತ್ತಿತ್ತು. ಜೈನರಾದ್ದರಿಂದ ಹೊತ್ತು ಮುಳುಗಿದ ಮೇಲೆ ಅವರು ತುತ್ತು ಮುಟ್ಟುತ್ತಿರಲಿಲ್ಲ. ಬೆಳಗಾಗುವ ತನಕ ನೀರೂ ಇಲ್ಲ.

ಅಂಕಲಿಯಲ್ಲಿ ಅವರ ಮನೆಯ ಹೊರಗಿನ ಖೋಲಿಯಲ್ಲಿ ನಾನು ಬಾಡಿಗೆಗಿದ್ದೇನೆ. ಧಾರವಾಡದಲ್ಲಿ ತತ್ವಶಾಸ್ತ್ರ ಓದಿ, ಚಿಕ್ಕೋಡಿಯ ಕಾಲೇಜೊಂದರಲ್ಲಿ ಕಲಿಸುವವನು. ಏನನ್ನೂ ಸುಲಭಕ್ಕೆ ನಂಬುವುದಿಲ್ಲ. ಈಚೆಗೆ ನನ್ನ ನೆನಪನ್ನೂ ನಂಬುವುದಿಲ್ಲ. ಮಿರಜದ ಡಾಕ್ಟರರು ನನ್ನ ಕಾಯಿಲೆಯ ಹೆಸರು ಬೈಪೋಲಾರ್ ಎಂದ ದಿನ, ಖೋಲಿ ಬಿಡು ಎಂದಾರೆಂದುಕೊಂಡೇ ಕಾಕಾಗೆ ಹೇಳಿದ್ದೆ.

"ನಮ್ಮ ಹೊಳಿ ಮ್ಯಾಲಿನ ಮೋಟರಿಗೂ ಇದ ಆಗೇತಿ," ಎಂದರು. "ಒಮ್ಮೆ ಕರೆಂಟ್ ಹೆಚ್ಚಾಗಿ ಕುಣೀತೈತಿ, ಒಮ್ಮೆ ಕಮ್ಮಿ ಬಿದ್ದ ಗುಂಯ್ ಅಂತೈತಿ. ಹಂಗಂತ ಅದನ್ನ ಹೊಳಿಗೆ ಒಗದೇವೇನ?"

ನಾನು ಚೆನ್ನಾಗಿದ್ದಾಗ ಅವರಿಗೆ 'ಸರ್ರ'. ಕುಗ್ಗಿದಾಗ 'ತಮ್ಮಾ'. ಸಿಕ್ಕಾಪಟ್ಟೆ ಏರಿದಾಗ 'ಸಾಹೇಬ್ರ'. ಅಂಥ ಏರಿಕೆಯಲ್ಲೊಮ್ಮೆ ಅವರ ಕಬ್ಬಿನ ಹೊಲದ ನಟ್ಟನಡುವೆ ಮೂರಂತಸ್ತಿನ ಗ್ರಂಥಾಲಯ ಕಟ್ಟುವ ನಕ್ಷೆ ಬರೆದುಕೊಟ್ಟೆ. ಅವರು ಅದನ್ನು ನಾಲ್ಕು ಮಡಿಕೆ ಮಾಡಿ ಕಿಸೆಗಿಟ್ಟರು. "ಚೊಲೋ ಐತ್ರಿ ಸಾಹೇಬ್ರ. ಕಬ್ಬ ಕಡದ ಮ್ಯಾಲ ನೋಡೂಣು. ಗುಳಗಿ ತಗೊಂಡ್ರೇನ?" ಕಬ್ಬು ಕಡಿಯುವುದಕ್ಕೆ ಇನ್ನೂ ಎಂಟು ತಿಂಗಳಿತ್ತು.

ಇಳಿದ ದಿನಗಳು ಬೇರೆ. ಹೋದ ವರ್ಷ ಗೋಡೆಗೆ ಮುಖ ಮಾಡಿ ಮಲಗಿದವನು ಸ್ನಾನ ಬಿಟ್ಟೆ, ಊಟ ಬಿಟ್ಟೆ. ಊಟವಾದ ಮೇಲೆ ನುಂಗಬೇಕಾದ ಗುಳಗಿಯೂ ನಿಂತಿತು. ಹನ್ನೊಂದು ದಿನ ಎಂದು ನೆನಪು. ಮೂರೇ ಇದ್ದರೂ ಇರಬಹುದು. ಒಂದು ಸಂಜೆ ಕಾಕಾ ಸ್ಟೀಲಿನ ಡಬ್ಬಿ ಹಿಡಿದು ಬಂದು ಹೊಸ್ತಿಲ ಮೇಲೆ ಕುಳಿತರು. ಒಳಗೆ ಎರಡು ರೊಟ್ಟಿ, ಉಳ್ಳಾಗಡ್ಡಿ ಇಲ್ಲದ, ಬರೀ ಕಡಲೆಹಿಟ್ಟಿನ ಝುಣಕ.

"ನಾ ಜಬರದಸ್ತಿ ಮಾಡಾಂವ ಅಲ್ಲ, ತಮ್ಮಾ. ನೀ ಉಂಡ ಮ್ಯಾಲ ಮನೀಗೆ ಹೋಗಿ ನಾ ಉಣ್ಣಾಂವ. ಅಷ್ಟ."

ನಾನು ಏಳಲಿಲ್ಲ. ಬೆಳಕು ಗೋಡೆಯಿಂದ ಜಾರಿಹೋಯಿತು. ಡಬ್ಬಿ ಮುಚ್ಚಿದ ಸದ್ದಾಯಿತು. "ಆತು. ಇವತ್ತ ಇಬ್ಬರದೂ ಉಪಾಸ," ಎಂದು ಚಪ್ಪಲಿ ಮೆಟ್ಟಿಕೊಂಡು ಹೋದರು.

ನಾನು ಸಾಯಬಹುದು ಎಂದು ಎಷ್ಟೋ ಸಲ ಯೋಚಿಸಿದ್ದೆ. ಆದರೆ ಎಪ್ಪತ್ತು ದಾಟಿದ ಮುದುಕ ನನ್ನಿಂದಾಗಿ ನೀರೂ ಇಲ್ಲದೆ ಮಲಗಿದ್ದಾನೆ ಎಂಬ ಯೋಚನೆ ಹಾಸಿಗೆಯಲ್ಲಿ ಮುಳ್ಳಾಯಿತು. ಮರುಸಂಜೆ ಅವರು ಬಂದು ಕುಳಿತಾಗ ನನ್ನ ವಿದ್ಯೆ ಕೊನೆಯ ಸಲ ಹೋರಾಡಿತು.

"ಕಾಕಾ, ಕಾಣೋ ಸೂರ್ಯ ಖರೇ ಸೂರ್ಯ ಅಲ್ಲ. ಬೆಳಕು ಬಾಗಿ ಬರತೈತಿ. ಅಂವ ಆಗಲೇ ಮುಳಗ್ಯಾನ."

"ಹಂಗಾರ ನಮಗ ಮೊದಲ ತಡಾ ಆಗೇತಿ. ಲಗೂನ ಏಳ."

ಎದ್ದೆ. ಒಂದು ರೊಟ್ಟಿ ತಿಂದೆ. ಗುಳಗಿ ಅವರ ಅಂಗೈಯಲ್ಲಿ ಸಿದ್ಧವಾಗಿತ್ತು. ಆ ವಾರದಲ್ಲೇ ಮಿರಜಕ್ಕೂ ಕರೆದೊಯ್ದರು. ದಾರಿಯುದ್ದಕ್ಕೂ ಮೋಟರಿನ ಮಾತು.

ಈ ಚಳಿಗಾಲದಲ್ಲಿ ಕಾಕಾ ಹೊಲದಿಂದ ಬಂದು ಕಟ್ಟೆಯ ಮೇಲೆ ಒರಗಿದವರು ಮತ್ತೆ ಏಳಲೇ ಇಲ್ಲ. ತಿಂಗಳು ಕಳೆಯುವುದರೊಳಗೆ ನಾನು ಮತ್ತೆ ಗೋಡೆಗೆ ತಿರುಗಿದ್ದೆ. ಎರಡೋ ನಾಲ್ಕೋ ಸಂಜೆ ಹೊಸ್ತಿಲು ಖಾಲಿಯಿತ್ತು. ಆಮೇಲೊಂದು ದಿನ ಡಬ್ಬಿಯ ಸದ್ದಾಯಿತು. ಕಾಕಾರ ಹೆಂಡತಿ ಕಾಕು, ಕಾಕಾ ಕೂರುತ್ತಿದ್ದ ಜಾಗದಲ್ಲೇ ಕುಳಿತಿದ್ದರು.

"ಒಂದ ಮಾತ ಹೇಳ್ತೇನಿ, ಸಿಟ್ಟಾಗಬ್ಯಾಡ," ಎಂದರು. "ನಿನ್ನ ಸಲುವಾಗಿ ಅವರು ಒಂದ ದಿನಾನೂ ಉಪಾಸ ಇದ್ದಿಲ್ಲ. ನಾಕಕ್ಕ ಹೊಟ್ಟಿತುಂಬ ಉಂಡ ನಿನ್ನ ಕಡೆ ಬರತಿದ್ರು. ಸುಳ್ಳ ಹೇಳಿದ್ದಕ್ಕ ಮುಂಜಾನೆ ಬಸದಿಗೆ ಹೋಗಿ ಕಿವಿ ಹಿಡಕೊಂಡ ಬರತಿದ್ರು."

ನಗು ಬಂತೋ ಅಳು ಬಂತೋ, ಅದೂ ಈಗ ಖಚಿತವಿಲ್ಲ. ಗೋಡೆಯಿಂದ ಇತ್ತ ತಿರುಗಿದ್ದಂತೂ ನಿಜ.

"ನನಗ ಅವರಂಗ ನಾಟಕ ಬರೂದಿಲ್ಲ," ಕಾಕು ಡಬ್ಬಿಯ ಮುಚ್ಚಳ ತೆಗೆದರು. "ನಾ ಖರೇನ ಉಂಡಿಲ್ಲ."

ಇದೂ ಸುಳ್ಳಿರಬಹುದೇ ಎಂಬ ಸಂಶಯ ಬಂತು. ಹೊರಗೆ ಸೂರ್ಯ ಕಬ್ಬಿನ ತುದಿಗೆ ತಾಗಿದ್ದ. ಪರೀಕ್ಷೆ ಮಾಡುವಷ್ಟು ಹೊತ್ತು ಉಳಿದಿರಲಿಲ್ಲ. ಎದ್ದು ಕೈ ತೊಳೆದುಕೊಂಡೆ.